ಹಳೆ ಜಾಝ್ ರೆಕಾರ್ಡ್ ಕೊಳ್ಳುವ ಕ್ರಮ: ಮೊದಲು ತಟ್ಟೆ, ಆಮೇಲೆ ಲೇಬಲ್, ಕೊನೆಗೆ ಕವರ್

ಸೆಕೆಂಡ್ ಹ್ಯಾಂಡ್ ಜಾಝ್ ರೆಕಾರ್ಡ್ ಕೊಂಡು ಕೈ ಸುಟ್ಟುಕೊಂಡವರ ದೂರು ಎರಡೇ ಬಗೆ. ಒಂದು, "ನೋಡೋಕೆ ಚೆನ್ನಾಗಿತ್ತು, ಮನೆಗೆ ತಂದು ಹಾಕಿದರೆ ಬರೀ ಚಟಪಟ." ಇನ್ನೊಂದು, "ಒರಿಜಿನಲ್ ಅಂದುಕೊಂಡು ದುಡ್ಡು ಸುರಿದೆ, ಆಮೇಲೆ ನೋಡಿದರೆ ಎಷ್ಟೋ ವರ್ಷದ ನಂತರ ಒತ್ತಿದ್ದು." ಎರಡಕ್ಕೂ ಕಾರಣ ಒಂದೇ. ಕವರ್ ಕಂಡ ಕೂಡಲೇ ಮನಸ್ಸು ಸೋತಿರುತ್ತದೆ. ಆಮೇಲೆ ಮಾಡುವ ಪರೀಕ್ಷೆಯೆಲ್ಲ ಸುಮ್ನೆ ಶಾಸ್ತ್ರಕ್ಕೆ.

ಹಾಗಾಗಿ ಇಲ್ಲಿ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಮಾಡಿ. ರಾಕ್, ಪಾಪ್ ರೆಕಾರ್ಡಿನಲ್ಲಿ ಸಣ್ಣಪುಟ್ಟ ಸದ್ದು ಗಿಟಾರಿನ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ. ಜಾಝ್ ಹಾಗಲ್ಲ. ಬೇಸ್ ಒಂದೇ ನುಡಿಯುತ್ತಿರುತ್ತದೆ, ಡ್ರಮ್ ಮೇಲೆ ಬ್ರಷ್ ಮೆಲ್ಲಗೆ ಸವರುತ್ತಿರುತ್ತದೆ. ಅಲ್ಲಿ ಒಂದೊಂದು ಟಿಕ್ ಸದ್ದೂ ಕಿವಿಗೆ ಚುಚ್ಚುತ್ತದೆ.

## ಹಂತ 1: ರೆಕಾರ್ಡ್ ಕೊಳ್ಳುವ ಮೊದಲು ಪ್ಲೇಯರ್ ಸರಿಮಾಡಿ

ಎಷ್ಟೋ ಸಲ ತಪ್ಪು ರೆಕಾರ್ಡಿನದಲ್ಲ, ಸೂಜಿಯದು. ಸವೆದ ಸೂಜಿ ಒಳ್ಳೆಯ ತಟ್ಟೆಯಲ್ಲೂ ಕರಕರ ಅನ್ನುತ್ತದೆ. ಸಾಲದ್ದಕ್ಕೆ ಆ ತಟ್ಟೆಯನ್ನೂ ಕೆರೆದು ಹಾಳು ಮಾಡುತ್ತದೆ. ವಜ್ರದ ಸೂಜಿ ಸಾಮಾನ್ಯವಾಗಿ 500ರಿಂದ 1000 ಗಂಟೆ ಬಾಳುತ್ತದೆ. ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ಜೊತೆ ಬಂದ ಸೂಜಿ ಎಷ್ಟು ಗಂಟೆ ಓಡಿದೆಯೋ ಯಾರಿಗೆ ಗೊತ್ತು? ಯೋಚನೆ ಮಾಡದೆ ಬದಲಾಯಿಸಿ.

ಸೂಜಿಯ ಭಾರ ಅಳೆಯುವ ಪುಟ್ಟ ಮಾಪಕ ಒಂದನ್ನು ಇಟ್ಟುಕೊಳ್ಳಿ. ಈಗಿನ ಬಹುತೇಕ ಕಾರ್ಟ್ರಿಜ್‌ಗಳಿಗೆ (ತೋಳಿನ ತುದಿಯಲ್ಲಿ ಸೂಜಿ ಕೂರುವ ಭಾಗ) ಒಂದೂವರೆಯಿಂದ ಎರಡು ಗ್ರಾಂ ಸಾಕು. ನಿಮ್ಮ ಕಾರ್ಟ್ರಿಜ್ಜಿನ ಕಂಪನಿ ಹೇಳಿದ ಅಂಕಿಯನ್ನೇ ಹಿಡಿಯಿರಿ. "ಕಮ್ಮಿ ಭಾರ ಇಟ್ಟರೆ ತಟ್ಟೆ ಉಳಿಯುತ್ತದೆ" ಅನ್ನುವುದು ತಪ್ಪು ನಂಬಿಕೆ. ಭಾರ ಸಾಲದಿದ್ದರೆ ಸೂಜಿ ಗೆರೆಯೊಳಗೆ ನಿಲ್ಲದೆ ಕುಣಿಯುತ್ತದೆ, ಗೋಡೆಗೆ ಬಡಿಯುತ್ತದೆ. ಅದರಿಂದ ಹಾನಿ ಜಾಸ್ತಿ. ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್‌ಗಳ ಕಥೆ ಉಲ್ಟಾ. ಅವುಗಳಲ್ಲಿ ಬಹಳಷ್ಟು ತೀರಾ ಭಾರವಾಗಿ ಒತ್ತುತ್ತವೆ. ಹಳೆ ರೆಕಾರ್ಡ್ ಅದರ ಮೇಲೆ ಇಡಬೇಡಿ.

ಇನ್ನೊಂದು ಮಾತು 78ರ ತಟ್ಟೆಗಳ ಬಗ್ಗೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ (ನಿಮಿಷಕ್ಕೆ 33⅓ ಸುತ್ತಿನ ಲಾಂಗ್ ಪ್ಲೇ ತಟ್ಟೆ) ತರುವ ಮುಂಚೆ ಜಾಝ್ ಎಲ್ಲ ಬಂದದ್ದು ನಿಮಿಷಕ್ಕೆ 78 ಸುತ್ತಿನ, ಅರಗಿನ ತಟ್ಟೆಗಳಲ್ಲಿ. ಅವುಗಳ ಗೆರೆ ಅಗಲ. ಸೂಜಿ ಸುಮಾರು 75 ಮೈಕ್ರಾನ್ ಬೇಕು. ಹಳೆಯ ಮೋನೋ (ಎರಡೂ ಸ್ಪೀಕರಿಗೆ ಒಂದೇ ಧ್ವನಿ ಕೊಡುವ) ಎಲ್‌ಪಿಗೆ 25 ಮೈಕ್ರಾನ್ ಸಾಕು. ಎಲ್‌ಪಿ ಸೂಜಿಯನ್ನು 78ರ ಮೇಲೆ ಇಟ್ಟರೆ ಅದು ಗೆರೆಯ ತಳಕ್ಕೆ ಇಳಿದು ಕಸದಲ್ಲಿ ಓಡಾಡುತ್ತದೆ. 78ರ ಸೂಜಿಯನ್ನು ಎಲ್‌ಪಿ ಮೇಲೆ ಇಟ್ಟರೆ ಎಲ್‌ಪಿ ಮುಗಿಯಿತು ಅಂತಲೇ ಲೆಕ್ಕ. ಈಗಷ್ಟೇ ಶುರು ಮಾಡುವವರು 78ನ್ನು ಬದಿಗಿಟ್ಟು ಎಲ್‌ಪಿಯಿಂದ ಹೊರಡುವುದು ಒಳ್ಳೆಯದು. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಎಲ್‌ಪಿಗೇ.

ನಿಮ್ಮ ಆಂಪ್ಲಿಫೈಯರಿನಲ್ಲಿ ಮೋನೋ ಬಟನ್ ಇದೆಯಾ ನೋಡಿ. ಮೋನೋ ರೆಕಾರ್ಡನ್ನು ಸ್ಟೀರಿಯೋ ಕಾರ್ಟ್ರಿಜ್ಜಿನಲ್ಲಿ ಕೇಳುವಾಗ ಅದನ್ನು ಒತ್ತಿದರೆ ಚಟಪಟ ಸದ್ದು ಎಷ್ಟೋ ತಗ್ಗುತ್ತದೆ. ಬಹಳ ಮಂದಿ ಇದೊಂದು ಬಟನ್ ಒತ್ತದೆಯೇ ಒಳ್ಳೆಯ ಮೋನೋ ತಟ್ಟೆಗಳನ್ನು ಬೈದು ಮಾರಿಬಿಡುತ್ತಾರೆ.

## ಹಂತ 2: ಪಟ್ಟಿ ಬರೆಯಿರಿ, ಅದರ ಪಕ್ಕದಲ್ಲಿ "ಯಾವ ಮುದ್ರಣ ಸಾಕು" ಅಂತಲೂ ಬರೆಯಿರಿ

ಪಟ್ಟಿ ಇಲ್ಲದೆ ಹೋದರೆ ಅಂಗಡಿಯವನು ಮೇಲೆ ಜೋಡಿಸಿಟ್ಟಿದ್ದೇ ನಿಮ್ಮ ಪಟ್ಟಿ ಆಗುತ್ತದೆ. ಕಲಾವಿದ, ಆಲ್ಬಮ್, ಕ್ಯಾಟಲಾಗ್ ಸಂಖ್ಯೆ ಈ ಮೂರನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ. ಕ್ಯಾಟಲಾಗ್ ಸಂಖ್ಯೆ ಮುಖ್ಯ, ಯಾಕೆಂದರೆ ಮೋನೋಗೆ ಒಂದು, ಸ್ಟೀರಿಯೋಗೆ ಇನ್ನೊಂದು ಇರುತ್ತದೆ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' 1959ರಲ್ಲಿ ಮೋನೋದಲ್ಲಿ ಸಿಎಲ್ 1355, ಸ್ಟೀರಿಯೋದಲ್ಲಿ ಸಿಎಸ್ 8163 ಅಂತ ಬಂತು.

ಪ್ರತಿ ಹೆಸರಿನ ಪಕ್ಕದಲ್ಲಿ ಪ್ರಾಮಾಣಿಕವಾಗಿ ಬರೆಯಿರಿ: ಮೊದಲ ಮುದ್ರಣವೇ (ಆಲ್ಬಮ್ ಹೊರಬಂದಾಗ ಮೊದಲು ಒತ್ತಿದ ತಟ್ಟೆ) ಬೇಕಾ, ಹಳೆಯ ಮರುಮುದ್ರಣ ಸಾಕಾ, ಕೇಳಲು ಯಾವುದಾದರೂ ಆದೀತಾ. ನನ್ನ ಅಭಿಪ್ರಾಯ ಕೇಳಿದರೆ, ಹತ್ತರಲ್ಲಿ ಎಂಟಕ್ಕೆ ಮರುಮುದ್ರಣ ಧಾರಾಳವಾಗಿ ಸಾಕು. 1980ರ ದಶಕದಲ್ಲಿ ಫ್ಯಾಂಟಸಿ ಕಂಪನಿ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಅನ್ನುವ ಸಾಲಿನಲ್ಲಿ ಪ್ರೆಸ್ಟೀಜ್, ರಿವರ್‌ಸೈಡ್, ಕಂಟೆಂಪರರಿ ಲೇಬಲ್‌ಗಳ (ರೆಕಾರ್ಡ್ ಕಂಪನಿಗಳ) ನೂರಾರು ಆಲ್ಬಮ್‌ಗಳನ್ನು ಮತ್ತೆ ಒತ್ತಿತು. ಕಿವಿಗೆ ಮೋಸವಿಲ್ಲ, ಜೇಬಿಗೂ ಮೋಸವಿಲ್ಲ. 1970-80ರ ದಶಕಗಳಲ್ಲಿ ಜಪಾನಿನ ಕಿಂಗ್, ತೋಷಿಬಾ ಕಂಪನಿಗಳು ಒತ್ತಿದ, ಅಮೆರಿಕದ ಜಾಝ್ ಲೇಬಲ್ ಬ್ಲೂ ನೋಟ್‌ನ ತಟ್ಟೆಗಳೂ ಹಾಗೇ. ಅವುಗಳ ಪ್ಲಾಸ್ಟಿಕ್ ನಿಶ್ಶಬ್ದ, ಇಟ್ಟುಕೊಂಡವರೂ ಜೋಪಾನವಾಗಿ ಇಟ್ಟಿರುತ್ತಾರೆ.

"ಮೊದಲ ಮುದ್ರಣ ಅಂದರೆ ಅತ್ಯುತ್ತಮ" ಅನ್ನುವುದೂ ಯಾವಾಗಲೂ ನಿಜವಲ್ಲ. 'ಕೈಂಡ್ ಆಫ್ ಬ್ಲೂ' ಧ್ವನಿಮುದ್ರಣದ ಮೊದಲ ಸೆಷನ್ನಿನಲ್ಲಿ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಎಲ್‌ಪಿಯ ಮೊದಲ ಬದಿಯ ಮೂರು ರಚನೆಗಳು ಕೊಂಚ ವೇಗವಾಗಿ, ಕೊಂಚ ಮೇಲಿನ ಶ್ರುತಿಯಲ್ಲಿ ಕೇಳಿಸುತ್ತಿದ್ದವು. ಅದನ್ನು ಸರಿಪಡಿಸಿದ್ದು 1992ರಲ್ಲಿ. ದುಬಾರಿ ಮೊದಲ ಮುದ್ರಣದಲ್ಲೂ ಆ ದೋಷ ಇದ್ದೇ ಇದೆ!

ಆರಂಭದಲ್ಲಿ, ಆ ಕಾಲದಲ್ಲೇ ಭರ್ಜರಿಯಾಗಿ ಮಾರಾಟವಾದವರನ್ನು ಹುಡುಕಿ. ಡೇವ್ ಬ್ರೂಬೆಕ್, ಎರಲ್ ಗಾರ್ನರ್, ಎಲ್ಲಾ ಫಿಟ್ಜ್‌ಜೆರಾಲ್ಡ್, ಸ್ಟಾನ್ ಗೆಟ್ಜ್, ಕೌಂಟ್ ಬೇಸಿ. ಇವರ ತಟ್ಟೆಗಳು ರಾಶಿ ರಾಶಿ ಹೊರಬಂದಿದ್ದರಿಂದ ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಬ್ಲೂ ನೋಟ್‌ನ 1500 ಸರಣಿಯ, ಸ್ಯಾಕ್ಸೋಫೋನ್ ವಾದಕ ಹ್ಯಾಂಕ್ ಮೋಬ್ಲಿಯಂಥವರ ಮೊದಲ ಮುದ್ರಣ ಅಷ್ಟು ಒತ್ತಿಯೇ ಇರಲಿಲ್ಲ. ಕೈ ಪಳಗುವ ತನಕ ಆ ಕಡೆ ತಲೆಹಾಕದಿರುವುದೇ ಕ್ಷೇಮ.

## ಹಂತ 3: ಚೀಲದಲ್ಲಿ ಏನಿರಬೇಕು

- ಚಿಕ್ಕ, ಪ್ರಖರ ಟಾರ್ಚ್. ಫೋನಿನ ಲೈಟೂ ಆದೀತು, ಆದರೆ ಫೋನನ್ನು ಬೆಲೆ ನೋಡಲು ಬಿಡುವಾಗಿ ಇಟ್ಟುಕೊಳ್ಳಿ.
- ಭೂತಗನ್ನಡಿ. ತಟ್ಟೆಯ ಮೇಲೆ ಕೊರೆದ ಅಕ್ಷರ ಓದಲು.
- ಒಗೆದ ಮೈಕ್ರೋಫೈಬರ್ ಬಟ್ಟೆ, ಕಾರ್ಬನ್ ಫೈಬರ್ ಬ್ರಷ್.
- ಹೊಸ ಒಳಚೀಲ ನಾಲ್ಕೈದು. ಹಳೆ ಕಾಗದದ ಚೀಲದೊಳಗಿನ ಮರಳು, ಧೂಳು ಮನೆತನಕ ತಟ್ಟೆಯನ್ನು ಉಜ್ಜುತ್ತಾ ಬರುವುದು ಬೇಡ.

ಬ್ಯಾಟರಿಯಲ್ಲಿ ಓಡುವ ಪುಟ್ಟ ಪ್ಲೇಯರ್ ಒಯ್ಯುವವರೂ ಇದ್ದಾರೆ. ಮಾರುವವರನ್ನು ಕೇಳದೆ ಅದರ ಮೇಲೆ ಅವರ ತಟ್ಟೆ ಇಡಬೇಡಿ.

## ಹಂತ 4: ಎಲ್ಲಿ ಹುಡುಕುವುದು, ಹೇಗೆ ಹುಡುಕುವುದು

ರೆಕಾರ್ಡ್ ಅಂಗಡಿ, ರೆಕಾರ್ಡ್ ಮೇಳ, ಹಳೆ ಸಾಮಾನಿನ ಅಂಗಡಿ, ಮನೆ ಖಾಲಿ ಮಾಡುವವರ ಮಾರಾಟ, ಹಳೆ ಪುಸ್ತಕದ ಅಂಗಡಿಯ ಮೂಲೆ. ಇವುಗಳಲ್ಲಿ ರೆಕಾರ್ಡ್ ಅಂಗಡಿಯವರಿಗೆ ಬೆಲೆ ಗೊತ್ತು, ಆದರೆ ತಟ್ಟೆಯ ಸ್ಥಿತಿ ಬಗ್ಗೆ ಹೇಳುವ ಮಾತಿಗೆ ನಿಲ್ಲುತ್ತಾರೆ. ಹಳೆ ಸಾಮಾನಿನವರಿಗೆ ಎರಡೂ ಬೇಕಿಲ್ಲ. ಹೊಸಬರು ಮೊದಲು ಒಳ್ಳೆಯ ಅಂಗಡಿಯಲ್ಲಿ ಒಂದಷ್ಟು ತಟ್ಟೆ ಕೈಯಲ್ಲಿ ಹಿಡಿದು ನೋಡಿ, ಸ್ವಚ್ಛವಾದದ್ದು ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿ ಮಾಡಿಕೊಳ್ಳುವುದು ಮೇಲು.

ಜಾಝ್ ಅಂತ ಬರೆದ ಡಬ್ಬದಲ್ಲಿ ಎಲ್ಲರೂ ಹುಡುಕುತ್ತಾರೆ. ನೀವು ಗಾಯಕಿಯರ ಸಾಲು, ನೃತ್ಯ ಸಂಗೀತ, ಲ್ಯಾಟಿನ್, ಸಿನಿಮಾ ಸಂಗೀತ, "ಇತರೆ" ಅನ್ನುವ ಡಬ್ಬಗಳನ್ನೂ ನೋಡಿ. ಸಾರಾ ವಾನ್, ನ್ಯಾಟ್ ಕಿಂಗ್ ಕೋಲ್ ಪಿಯಾನೋ ತ್ರಯ, ಕ್ಯಾಲ್ ಜೇಡರ್ ಇಂಥವರೆಲ್ಲ ಆ ಡಬ್ಬಗಳಲ್ಲೇ ಅಡಗಿ ಕೂತಿರುತ್ತಾರೆ. ಒಂದು ಕಡೆ ಒಂದೇ ಕೈಬರಹದ ಹೆಸರಿರುವ ಎರಡು ಒಳ್ಳೆಯ ಜಾಝ್ ತಟ್ಟೆ ಸಿಕ್ಕರೆ ಅಲ್ಲೇ ನಿಲ್ಲಿ. ಒಬ್ಬರ ಇಡೀ ಸಂಗ್ರಹ ಅಲ್ಲಿಗೆ ಬಂದಿರಬೇಕು. "ಇದೇ ಮನೆಯಿಂದ ಬಂದದ್ದು ಇನ್ನೂ ಇದೆಯಾ?" ಅಂತ ಕೇಳಿ. ಬೆಲೆ ಹಾಕದ ಪೆಟ್ಟಿಗೆ ಮೇಜಿನ ಕೆಳಗೆ ಇರುವುದು ಅಪರೂಪವೇನಲ್ಲ.

ಪೆಟ್ಟಿಗೆ ತೆರೆದ ಕೂಡಲೇ ಮೂಗಿಗೆ ಕೆಲಸ ಕೊಡಿ. ಮುಗ್ಗಲು ವಾಸನೆ ಬಂದರೆ ಬೂಷ್ಟು ಹಿಡಿದಿದೆ ಅಂತ ಅರ್ಥ. ತಟ್ಟೆಯನ್ನು ತೊಳೆಯಬಹುದು, ರಟ್ಟಿನ ಕವರನ್ನು ತೊಳೆಯಲಾಗದು. ಆ ಕವರ್ ಮನೆಗೆ ಬಂದರೆ ಪಕ್ಕದವಕ್ಕೂ ಹಬ್ಬುತ್ತದೆ. ಇಡೀ ಪೆಟ್ಟಿಗೆ ಸಗಟಾಗಿ ಕೊಳ್ಳುವುದಾದರೆ ಮೇಲಿನದ್ದು ಮಾತ್ರ ನೋಡಬೇಡಿ. ನಡುವಿನಿಂದ, ತಳದಿಂದ ಐದಾರು ತೆಗೆದು ನೋಡಿ.

ಹುಡುಕುವಾಗ ಕವರನ್ನು ಮೇಲಕ್ಕೆತ್ತಿ ನೋಡಿ, ಎಳೆದಾಡಬೇಡಿ. ನೋಡಿದ್ದನ್ನು ಇದ್ದ ಜಾಗದಲ್ಲೇ ಇಡಿ. ಇದು ಬರೀ ಸೌಜನ್ಯವಲ್ಲ. ಹೀಗೆ ನಡೆದುಕೊಳ್ಳುವವರಿಗೆ ಮುಂದಿನ ಸಲ ಹೊಸ ಪೆಟ್ಟಿಗೆ ಮೊದಲು ತೆರೆಯುತ್ತದೆ.

## ಹಂತ 5: ತಟ್ಟೆಯ ಪರೀಕ್ಷೆ

ಕವರನ್ನು ಪಕ್ಕಕ್ಕಿಡಿ. ಎಷ್ಟೇ ಚೆಂದ ಇದ್ದರೂ ಈಗ ಅದರ ಕಡೆ ನೋಡಬೇಡಿ.

ಕೈಗೆತ್ತಿಕೊಳ್ಳುವುದು. ಕವರನ್ನು ಸ್ವಲ್ಪ ಅಗಲಿಸಿ, ತಟ್ಟೆಯನ್ನು ಒಳಚೀಲದ ಸಮೇತ ಅಂಗೈ ಮೇಲೆ ಜಾರಿಸಿ. ಆಮೇಲೆ ಚೀಲದಿಂದ ತೆಗೆಯಿರಿ. ಹೆಬ್ಬೆರಳು ಅಂಚಿನಲ್ಲಿ, ಉಳಿದ ಬೆರಳು ಲೇಬಲ್ ಮೇಲೆ. ಗೆರೆಗಳಿಗೆ ಬೆರಳು ತಾಗಬಾರದು. ಮೊದಲು ನೋಡಬೇಕಾದದ್ದು ಒಂದೇ: ಒಳಗಿರುವುದು ಕವರಿನ ಮೇಲಿರುವ ಆಲ್ಬಮ್ಮೇನಾ? ನಗಬೇಡಿ. ಮನೆಗೆ ಹೋಗಿ ಇದನ್ನು ಕಂಡುಕೊಳ್ಳುವವರು ಬೇಕಾದಷ್ಟಿದ್ದಾರೆ.

ಬೆಳಕು. ಟಾರ್ಚನ್ನು ನೇರ ಮೇಲಿನಿಂದ ಬಿಡಬೇಡಿ. ಓರೆಯಾಗಿ, ತಟ್ಟೆಯ ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿದು, ತಟ್ಟೆಯನ್ನು ನಿಧಾನ ತಿರುಗಿಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ತಟ್ಟೆಯ ಬಣ್ಣ ಆಗ ಬಯಲಾಗುತ್ತದೆ.

ಕಾಣುವ ಗುರುತುಗಳೆಲ್ಲ ಒಂದೇ ಅಲ್ಲ. ಕೂದಲೆಳೆಯಂಥ ತೆಳು ಗೆರೆಗಳು ಕಾಗದದ ಚೀಲ ಉಜ್ಜಿ ಆದವು. ಹೆಚ್ಚಿನವು ಕೇಳಿಸುವುದೇ ಇಲ್ಲ. ಉಗುರನ್ನು ಹಗುರವಾಗಿ ಹಾಯಿಸಿದಾಗ ತಡೆಯುವ ಗೀರು ಖಂಡಿತ ಕೇಳಿಸುತ್ತದೆ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಅಡ್ಡ ಬಿದ್ದ ಆಳದ ಗೀರು ಒಂದಿದ್ದರೆ ಪ್ರತಿ 1.8 ಸೆಕೆಂಡಿಗೊಮ್ಮೆ ಟಿಕ್, ಟಿಕ್. ಬಲ್ಲಾಡ್ (ನಿಧಾನ ಗತಿಯ ರಚನೆ) ಒಂದರ ನಡುವೆ ಅದು ಎರಡು ನಿಮಿಷ ಬಾರಿಸಿದರೆ ತಾಳ್ಮೆ ಯಾರಿಗಿರುತ್ತದೆ? ಇನ್ನು ಗೆರೆಯ ಜೊತೆಗೇ ಸಾಗುವ ಗೀರು ಚಿಕ್ಕದಾಗಿ ಕಂಡರೂ ಅಪಾಯ ಜಾಸ್ತಿ. ಸೂಜಿ ಅಲ್ಲೇ ಸಿಕ್ಕಿಬಿದ್ದು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತದೆ.

ಕಣ್ಣಿಗೆ ಕಾಣದ ಸವೆತ. ಜಾಝ್ ತಟ್ಟೆಗಳಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ. ಹಳೆಯ ಕಾಲದ ಪ್ಲೇಯರ್‌ಗಳ ತೋಳು ಬಹಳ ಭಾರ. ಸವೆದ ಸೂಜಿಯಲ್ಲಿ ನೂರಾರು ಸಲ ಓಡಿದ ತಟ್ಟೆಯಲ್ಲಿ ಒಂದೂ ಗೀರಿಲ್ಲದಿರಬಹುದು, ಆದರೆ ಗೆರೆಯ ಗೋಡೆಯೇ ಕೊರೆದುಹೋಗಿರುತ್ತದೆ. ಟ್ರಂಪೆಟ್ ಮೇಲಕ್ಕೇರಿದಾಗ, ಪಿಯಾನೋ ಜೋರಾದಾಗ ದನಿ ಒಡೆದು ಬುಸ್ ಅನ್ನುತ್ತದೆ. ತೊಳೆದರೆ ಇದು ಹೋಗುವುದಿಲ್ಲ. ಯಾವುದರಿಂದಲೂ ಹೋಗುವುದಿಲ್ಲ.

ಇದನ್ನು ಹಿಡಿಯಲು ಎರಡು ಸುಳಿವು. ಕಪ್ಪಾಗಿ ಹೊಳೆಯಬೇಕಾದ ಗೆರೆಗಳು ಜೋರು ಭಾಗಗಳಲ್ಲಿ ಬೂದುಬೂದಾಗಿ ಕಂಡರೆ ಅನುಮಾನಪಡಿ. ಮತ್ತೆ ಲೇಬಲ್ ನಡುವಿನ ತೂತಿನ ಸುತ್ತ ನೋಡಿ. ತಟ್ಟೆ ಇಡುವಾಗ ತಡಕಾಡಿದ ಸಣ್ಣ ಗುರುತುಗಳು ಅಲ್ಲಿ ಉಳಿದಿರುತ್ತವೆ. ಬೆರಳೆಣಿಕೆಯಷ್ಟಿದ್ದರೆ ತಟ್ಟೆ ಹೆಚ್ಚು ಓಡಿಲ್ಲ. ತೂತಿನ ಸುತ್ತಲಿನ ಕಾಗದ ಪೂರ್ತಿ ಗೀಚಿ ಬೆಳ್ಳಗಾಗಿದ್ದರೆ, ಮೇಲ್ಮೈ ಎಷ್ಟೇ ಥಳಥಳಿಸಲಿ, ಚೆನ್ನಾಗಿ ಓಡಿಸಿದ ತಟ್ಟೆ ಅದು.

ಬಾಗು. ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ತಿರುಗಿಸಿ. ಅಗಲವಾಗಿ, ನಯವಾಗಿ ಬಾಗಿದ್ದರೆ ಸೂಜಿ ಹೇಗೋ ನಿಭಾಯಿಸುತ್ತದೆ. ಅಂಚಿನಲ್ಲಿ ಚಿಕ್ಕ ಜಾಗದಲ್ಲಿ ದಿಢೀರನೆ ಎದ್ದಿದ್ದರೆ ಬೇಡ. ಒಲೆ, ಬಿಸಿಲು, ಹೇರ್ ಡ್ರೈಯರ್ ಹಿಡಿದು ನೆಟ್ಟಗೆ ಮಾಡುತ್ತೇನೆ ಅಂತ ಹೊರಡಬೇಡಿ. ಗೆರೆಗಳೇ ಕರಗಿ ಮುದುಡುತ್ತವೆ.

ಮಂಜು ಕವಿದಂಥ ಕಲೆ. ಹಳೆ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇದ್ದ ತಟ್ಟೆಗಳಲ್ಲಿ ಬಿಳಿಚಿದ ಪೊರೆ ಕಾಣುತ್ತದೆ. ಪ್ಲಾಸ್ಟಿಕ್ಕಿನಿಂದ ಹೊರಟ ರಾಸಾಯನಿಕ ತಟ್ಟೆಯ ಮೇಲ್ಮೈಯನ್ನೇ ತಿಂದಿರುತ್ತದೆ. ಬಹುತೇಕ ತೊಳೆದರೂ ಹೋಗದು. ಬೂಷ್ಟಿನ ಚುಕ್ಕೆಗಳಾದರೆ ಹೋಗಬಹುದು. ಎರಡರ ವ್ಯತ್ಯಾಸ ತಿಳಿಯದಿದ್ದರೆ ಬಿಟ್ಟುಬಿಡಿ.

ಕೇಳಲು ಅವಕಾಶ ಇದ್ದರೆ ಮೊದಲ ಹಾಡನ್ನು ಹಾಕಬೇಡಿ. ಅದು ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತದೆ. ಲೇಬಲ್ಲಿಗೆ ಹತ್ತಿರವಿರುವ ಕೊನೆಯ ರಚನೆ ಹಾಕಿ. ಒಳಗಿನ ಗೆರೆಗಳಲ್ಲಿ ಅಷ್ಟೇ ಹೊತ್ತಿನ ಸಂಗೀತ ಚಿಕ್ಕ ಜಾಗದಲ್ಲಿ ತುರುಕಿರುತ್ತದೆ, ಸವೆತ ಮೊದಲು ಗೊತ್ತಾಗುವುದು ಅಲ್ಲೇ. ಊದುವ ವಾದ್ಯ ಜೋರಾಗುವ ಒಂದು ಕಡೆ, ಬೇಸ್ ಒಂಟಿಯಾಗುವ ಒಂದು ಕಡೆ ಕೇಳಿ. ಎಳೆದು ಹಿಡಿದ ಪಿಯಾನೋ ಸ್ವರ ಅಲೆಯಾಡಿದರೆ ತೂತು ನಡುಮಧ್ಯೆ ಬಿದ್ದಿಲ್ಲ ಅಂತ ತಿಳಿಯಿರಿ.

ಈ ಪರೀಕ್ಷೆಯಲ್ಲಿ ಫೇಲಾದರೆ ಮುಂದಿನ ಹಂತಕ್ಕೆ ಹೋಗಲೇಬೇಡಿ. ಎಂಥ ಅಪರೂಪದ ಲೇಬಲ್ಲೇ ಇರಲಿ.

## ಹಂತ 6: ಯಾವ ಮುದ್ರಣ ಅಂತ ಪತ್ತೆ ಹಚ್ಚುವುದು

ಕವರ್ ಸುಳ್ಳು ಹೇಳಬಹುದು, ಲೇಬಲ್ ಅರ್ಧ ಸತ್ಯ ಹೇಳಬಹುದು. ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವಿನ ಖಾಲಿ ಜಾಗ ಮಾತ್ರ ನಂಬಿಕಸ್ಥ. ಸಂಗ್ರಹಕಾರರು ಇದಕ್ಕೆ ಡೆಡ್ ವ್ಯಾಕ್ಸ್ ಅನ್ನುತ್ತಾರೆ. ಅಲ್ಲಿ ಕೊರೆದ ಅಥವಾ ಅಚ್ಚೊತ್ತಿದ ಅಕ್ಷರ, ಅಂಕಿಗಳನ್ನು ಟಾರ್ಚ್ ಓರೆ ಹಿಡಿದು, ಭೂತಗನ್ನಡಿಯಲ್ಲಿ ಓದಿ. ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ.

ಬ್ಲೂ ನೋಟ್. ಹೆಚ್ಚು ಮೋಸ ಹೋಗುವುದು ಇದರಲ್ಲೇ, ಹಾಗಾಗಿ ವಿವರವಾಗಿ ಹೇಳುತ್ತೇನೆ. ಮೊದಲು ಲೇಬಲ್ ಮೇಲಿನ ವಿಳಾಸ. 1950ರ ದಶಕದ ಹಳೆಯವುಗಳಲ್ಲಿ 767 ಲೆಕ್ಸಿಂಗ್ಟನ್ ಅವೆನ್ಯೂ. ಸುಮಾರು 1957ರಿಂದ 47 ವೆಸ್ಟ್ 63. 1960ರ ದಶಕದ ಆರಂಭದಿಂದ ಬರೀ ನ್ಯೂಯಾರ್ಕ್ ಯುಎಸ್‌ಎ. ಬಳಿಕ ಕಂಪನಿ ಲಿಬರ್ಟಿ ರೆಕಾರ್ಡ್ಸ್ ಕೈಗೆ ಹೋಯಿತು, 1966ರಿಂದ ಲೇಬಲ್ ಮೇಲೆ ಲಿಬರ್ಟಿಯ ವಿಭಾಗ ಅಂತ ಬರತೊಡಗಿತು.

ವಿಳಾಸ ನೋಡಿ ಕುಣಿಯಬೇಡಿ. ಲಿಬರ್ಟಿಯವರು ಉಳಿದಿದ್ದ ಹಳೆ ಲೇಬಲ್‌ಗಳನ್ನೂ ಬಳಸಿದರು. ಆಗ ಡೆಡ್ ವ್ಯಾಕ್ಸ್‌ನಲ್ಲಿ ಎರಡು ಗುರುತು ಹುಡುಕಬೇಕು. ಒಂದು ಆರ್‌ವಿಜಿ ಅಥವಾ ವ್ಯಾನ್ ಗೆಲ್ಡರ್ ಅನ್ನುವ ಅಕ್ಷರಗಳು. ನ್ಯೂಜರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲೂ, 1959ರಿಂದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲೂ ಸ್ಟುಡಿಯೋ ನಡೆಸಿದ ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು ಅದು. ಇನ್ನೊಂದು, ಕೈಬರಹದ ಪಿ ಅಕ್ಷರದಂಥ ಚಿಕ್ಕ ಗುರುತು. ಅಡ್ಡ ಮಲಗಿದ ಕಿವಿಯಂತೆ ಕಾಣುವುದರಿಂದ ಎಲ್ಲರೂ ಅದನ್ನು ಕಿವಿ ಅಂತಲೇ ಕರೆಯುತ್ತಾರೆ. ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಒತ್ತಿದ್ದಕ್ಕೆ ಅದು ಸಾಕ್ಷಿ. ಲಿಬರ್ಟಿ ಬಂದ ಮೇಲೆ ಪ್ಲಾಸ್ಟಿಲೈಟ್ ಒತ್ತುವುದು ನಿಂತಿತು.

ಸಾಮಾನ್ಯ ತಪ್ಪು ಯಾವುದೆಂದರೆ, ಆರ್‌ವಿಜಿ ಕಂಡ ಕೂಡಲೇ "ಒರಿಜಿನಲ್!" ಅನ್ನುವುದು. ಅದೇ ಅಚ್ಚುಗಳನ್ನು ಲಿಬರ್ಟಿಯವರೂ ಬಳಸಿದ್ದರಿಂದ ಆ ಅಕ್ಷರಗಳು ನಂತರದ ತಟ್ಟೆಗಳಲ್ಲೂ ಇರುತ್ತವೆ. ಲೇಬಲ್ ಹಳೆಯದು, ಆರ್‌ವಿಜಿ ಇದೆ, ಕಿವಿ ಇಲ್ಲ ಅಂದರೆ ಅದು ಬಹುಶಃ ಲಿಬರ್ಟಿ ಕಾಲದ್ದು. ಕೇಳಲು ಸೊಗಸಾಗಿಯೇ ಇರುತ್ತದೆ. ಆದರೆ ಮೊದಲ ಮುದ್ರಣದ ಬೆಲೆ ಕೊಡಬಾರದು, ಅಷ್ಟೇ. ಲೇಬಲ್ ಮೇಲೆ ವೃತ್ತಾಕಾರವಾಗಿ ಒತ್ತಿದ ಆಳದ ಗೆರೆ ಹಳೆಯ ಮುದ್ರಣದ ಸುಳಿವು ನಿಜ. ಅದೂ ಒಂಟಿಯಾಗಿ ಸಾಲದು.

ಪ್ರೆಸ್ಟೀಜ್. ಹಳದಿ ಮೇಲೆ ಕಪ್ಪು ಅಕ್ಷರದ ಲೇಬಲ್. ಮೊದಲ ವಿಳಾಸ ನ್ಯೂಯಾರ್ಕಿನ 446 ವೆಸ್ಟ್ 50ನೇ ಬೀದಿ, ಆಮೇಲಿನದು ನ್ಯೂಜರ್ಸಿಯ ಬರ್ಗನ್‌ಫೀಲ್ಡ್. ತ್ರಿಶೂಲದ ಚಿಹ್ನೆಯ ನೀಲಿ ಲೇಬಲ್ ಬಂದದ್ದು 1960ರ ದಶಕದ ನಡುವಿನಲ್ಲಿ. ಹೀಗಾಗಿ 1956ರ ಆಲ್ಬಮ್ ನೀಲಿ ಲೇಬಲ್ಲಿನಲ್ಲಿದ್ದರೆ ಅದು ಮರುಮುದ್ರಣ.

ಕೊಲಂಬಿಯಾ. ಲೇಬಲ್ಲಿನ ಎಡಕ್ಕೆ ಮೂರು, ಬಲಕ್ಕೆ ಮೂರು ಕಣ್ಣಿನ ಚಿಹ್ನೆ ಇದ್ದರೆ 1955ರಿಂದ 1962ರ ಆಸುಪಾಸಿನದು. ಎರಡೇ ಕಣ್ಣಿದ್ದರೆ ಆಮೇಲಿನದು. ಡೆಡ್ ವ್ಯಾಕ್ಸ್ ಸಂಖ್ಯೆಯ ಕೊನೆಗೆ 1ಎ, 1ಬಿ ಅಂತಿದ್ದರೆ ಮೊದಮೊದಲ ಅಚ್ಚುಗಳು. ಆದರೆ ಹಲವು ಕಾರ್ಖಾನೆಗಳಿಗೆ ಒಟ್ಟಿಗೇ ಅಚ್ಚು ಹೋಗುತ್ತಿದ್ದರಿಂದ 1ಎ ಮಾತ್ರವೇ ಮೊದಲನೆಯದು ಅನ್ನುವುದು ಸರಿಯಲ್ಲ.

ಇಂಪಲ್ಸ್, ವರ್ವ್. ಇಂಪಲ್ಸ್‌ನ ಮೊದಲ ಲೇಬಲ್ ಕಿತ್ತಳೆ ಬಣ್ಣದ್ದು, ಅಂಚು ಕಪ್ಪು. ಕಪ್ಪು ಲೇಬಲ್ಲಿಗೆ ಕೆಂಪು ಅಂಚು ಇದ್ದರೆ 1960ರ ದಶಕದ ಕೊನೆಯದು ಅಥವಾ ನಂತರದ್ದು. ವರ್ವ್ ಲೇಬಲ್ಲಿನಲ್ಲಿ ಎಂಜಿಎಂ ಹೆಸರಿದ್ದರೆ ಸ್ಥಾಪಕ ನಾರ್ಮನ್ ಗ್ರಾಂಜ್ ಅವರು ಕಂಪನಿಯನ್ನು ಎಂಜಿಎಂಗೆ ಮಾರಿದ ನಂತರದ್ದು, ಅಂದರೆ 1961 ಅಥವಾ ಆಮೇಲಿನದು.

ಎಲ್ಲ ಲೇಬಲ್ಲಿಗೂ ಅನ್ವಯಿಸುವ ಅಪಾಯದ ಗುರುತುಗಳು ಇವು. ಕವರಿನ ಮೇಲೆ ಬಾರ್‌ಕೋಡ್ ಇದ್ದರೆ 1950-60ರ ದಶಕದ್ದಂತೂ ಅಲ್ಲವೇ ಅಲ್ಲ. ಫೋಟೋ, ಸಣ್ಣ ಅಕ್ಷರಗಳು ಮಸುಕಾಗಿದ್ದರೆ ಯಾರೋ ಕವರನ್ನೇ ನಕಲು ಮಾಡಿರಬೇಕು. ಎಲೆಕ್ಟ್ರಾನಿಕ್ ವಿಧಾನದಲ್ಲಿ ಸ್ಟೀರಿಯೋ ಮಾಡಲಾಗಿದೆ ಅಂತ ಕವರಿನಲ್ಲಿದ್ದರೆ ಮೋನೋ ಟೇಪನ್ನು ಕೃತಕವಾಗಿ ಎರಡು ಮಾಡಿದ್ದಾರೆ ಅಂತ ಅರ್ಥ. ಪ್ರತಿಧ್ವನಿ ತುಂಬಿ, ವಾದ್ಯಗಳು ಟೊಳ್ಳಾಗಿ ಕೇಳಿಸುತ್ತವೆ. ಸ್ಟೀರಿಯೋ ಎಲ್‌ಪಿ ಮಾರುಕಟ್ಟೆಗೆ ಬಂದದ್ದೇ 1957-58ರಲ್ಲಿ. ಅದಕ್ಕೂ ಹಿಂದಿನ ಧ್ವನಿಮುದ್ರಣದ ಮೇಲೆ ಸ್ಟೀರಿಯೋ ಅಂತ ಕಂಡರೆ ಕವರಿನ ಸಣ್ಣ ಅಕ್ಷರ ಪೂರ್ತಿ ಓದಿ.

## ಹಂತ 7: ಈಗ ಕವರ್, ಆಮೇಲೆ ಬೆಲೆ

ಕವರಿನಲ್ಲಿ ಅಂಚು ಸೀಳಿದೆಯಾ, ಒಳಗಿನ ತಟ್ಟೆಯ ಉಂಗುರ ಮೂಡಿದೆಯಾ, ಟೇಪ್ ಅಂಟಿಸಿದ್ದಾರಾ, ಹೆಸರು ಗೀಚಿದ್ದಾರಾ ನೋಡಿ. ಮೂಲೆ ಕತ್ತರಿಸಿದ್ದರೆ ಅಥವಾ ತೂತು ಕೊರೆದಿದ್ದರೆ ಗಾಬರಿ ಬೇಡ. ಮಾರಾಟವಾಗದೆ ಉಳಿದ ದಾಸ್ತಾನನ್ನು ಕಂಪನಿಗಳು ಹಾಗೆ ಗುರುತು ಮಾಡಿ ಅಗ್ಗಕ್ಕೆ ಬಿಡುತ್ತಿದ್ದವು. ಸಂಗೀತಕ್ಕೆ ಏನೂ ಆಗಿರುವುದಿಲ್ಲ, ಚೌಕಾಸಿಗೆ ಒಂದು ನೆಪ ಸಿಗುತ್ತದೆ.

ಮಾರುವವರು ಬಳಸುವ ದರ್ಜೆಗಳು ಹೆಚ್ಚಾಗಿ ಗೋಲ್ಡ್‌ಮೈನ್ ಅನ್ನುವ ಅಮೆರಿಕದ ರೆಕಾರ್ಡ್ ಪತ್ರಿಕೆಯ ಪದ್ಧತಿಯವು: ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ (ವೆರಿ ಗುಡ್), ಗುಡ್, ಹೀಗೆ ಕೆಳಕ್ಕೆ. ಹೆಸರುಗಳನ್ನು ನಂಬಿ ಕೆಡಬೇಡಿ. ವಿಜಿ ಅಂದರೆ ಸಂಗೀತದ ಜೊತೆ ಸದ್ದೂ ಕೇಳಿಸುತ್ತದೆ ಅಂತ. ಗುಡ್ ಅಂದರೆ ಜಾಝ್ ಮಟ್ಟಿಗೆ ಬೇಡ ಅಂತ. ಕೇಳಲು ಕೊಳ್ಳುವವರಿಗೆ ವಿಜಿ ಪ್ಲಸ್ ಹದವಾದ ಜಾಗ. ತಟ್ಟೆಗೂ ಕವರಿಗೂ ಬೇರೆ ಬೇರೆ ದರ್ಜೆ ಇರುತ್ತದೆ ಅನ್ನುವುದು ನೆನಪಿರಲಿ.

ಬೆಲೆ ನೋಡುವಾಗ, ಕೇಳುತ್ತಿರುವ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ. ರೆಕಾರ್ಡ್ ಮಾರುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಒಂದೊಂದು ಮುದ್ರಣಕ್ಕೂ ಹಿಂದಿನ ಮಾರಾಟದ ಲೆಕ್ಕ ಸಿಗುತ್ತದೆ. ನಿಮ್ಮ ಕೈಯಲ್ಲಿರುವ ಡೆಡ್ ವ್ಯಾಕ್ಸ್ ಸಂಖ್ಯೆಗೂ ಅಲ್ಲಿನ ನಮೂದಿಗೂ ತಾಳೆ ಹಾಕಿ. ಅದೇ ಕವರಿನ ಹತ್ತಾರು ಮುದ್ರಣ ಇರುತ್ತವೆ, ತಪ್ಪು ನಮೂದು ನೋಡಿದರೆ ಲೆಕ್ಕವೆಲ್ಲ ತಲೆಕೆಳಗು. ಮೂರು ನಾಲ್ಕು ಒಟ್ಟಿಗೆ ತೆಗೆದುಕೊಂಡು ಚೌಕಾಸಿ ಮಾಡಿ. ತಟ್ಟೆಯನ್ನು ಹೀಯಾಳಿಸಿ ಬೆಲೆ ಇಳಿಸುವುದು ಬೇಡ. ಟಾರ್ಚಿನಲ್ಲಿ ಕಂಡ ಗೀರನ್ನು ತೋರಿಸಿ ಕೇಳಿದರೆ ಅವರೇ ಇಳಿಸುತ್ತಾರೆ.

## ಹಂತ 8: ಆನ್‌ಲೈನ್ ಖರೀದಿ

ಇಲ್ಲಿ ಹಂತ 5ನ್ನು ನೀವು ಮಾಡಲಾಗದು. ಹಾಗಾಗಿ ಮಾರುವವರಿಂದ ಮಾಡಿಸಿ. ಕೇಳಬೇಕಾದ ಪ್ರಶ್ನೆ ನಾಲ್ಕು: ತಟ್ಟೆಯನ್ನು ಕೇಳಿ ದರ್ಜೆ ಕೊಟ್ಟಿದ್ದಾ, ಬರೀ ನೋಡಿದ್ದಾ? ಜೋರು ಭಾಗದಲ್ಲಿ ದನಿ ಒಡೆಯುತ್ತದಾ? ಎರಡೂ ಬದಿಯ ಡೆಡ್ ವ್ಯಾಕ್ಸ್ ಫೋಟೋ ಕಳಿಸುತ್ತೀರಾ? ಹೇಳಿದ ಹಾಗಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ? ಎರಡನೆಯದಕ್ಕೆ "ಹಳೆ ರೆಕಾರ್ಡ್ ಅಲ್ವಾ, ಹಾಗೇ ಇರುತ್ತೆ" ಅಂತ ಉತ್ತರ ಬಂದರೆ ಕೈಬಿಡಿ.

ಪ್ಯಾಕಿಂಗ್ ಬಗ್ಗೆ ಬಾಯಿಬಿಟ್ಟು ಹೇಳಿ. ತಟ್ಟೆಯನ್ನು ಒಳಚೀಲದಲ್ಲಿಟ್ಟು ಕವರಿನಿಂದ ಹೊರಗೆ, ಕವರಿನ ಹಿಂದೆ ಇಡಬೇಕು. ಒಳಗೇ ಇಟ್ಟರೆ ದಾರಿಯಲ್ಲಿ ಕುಲುಕಾಡಿ ಕವರಿನ ಅಂಚು ಸೀಳುತ್ತದೆ. ಎರಡೂ ಕಡೆ ಗಟ್ಟಿ ರಟ್ಟು ಬೇಕು. ಪೊಟ್ಟಣ ಬಂದ ತಕ್ಷಣ ಪ್ಲೇಯರ್ ಮೇಲೆ ಇಡಬೇಡಿ. ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಡಿ.

## ಹಂತ 9: ತೊಳೆದು ಕೇಳಿ, ಕೇಳಿ ತೊಳೆಯಬೇಡಿ

ಕೊಳೆ ಇರುವ ಗೆರೆಯಲ್ಲಿ ಸೂಜಿ ಓಡಿಸಿದರೆ ಧೂಳು ಅರೆದು ಗೋಡೆಗೆ ಅಂಟುತ್ತದೆ. ಆದ್ದರಿಂದ "ಒಂದ್ಸಲ ಕೇಳಿ ನೋಡ್ತೀನಿ" ಅನ್ನುವ ಆಸೆ ತಡೆದುಕೊಳ್ಳಿ.

1. ಒಣ ಕಾರ್ಬನ್ ಬ್ರಷ್‌ನಿಂದ ಮೇಲಿನ ಧೂಳು ತೆಗೆಯಿರಿ.
2. ಡಿಸ್ಟಿಲ್ಡ್ ವಾಟರಿಗೆ ರೆಕಾರ್ಡ್ ತೊಳೆಯುವ ದ್ರಾವಣ ಕೆಲವೇ ಹನಿ ಸೇರಿಸಿ. ನಲ್ಲಿ ನೀರು ಬೇಡ, ಆರಿದ ಮೇಲೆ ಅದರ ಲವಣ ಗೆರೆಯೊಳಗೆ ಉಳಿಯುತ್ತದೆ.
3. ಮೃದು ಬ್ರಷ್‌ನಿಂದ ಗೆರೆಯ ದಿಕ್ಕಿನಲ್ಲಿ, ಸುತ್ತಾಗಿ ಉಜ್ಜಿ. ಅಡ್ಡಡ್ಡ ಉಜ್ಜಬಾರದು. ಲೇಬಲ್ ನೆನೆಯಬಾರದು.
4. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಹೆಚ್ಚಿನವರು ಇದನ್ನು ಬಿಟ್ಟು, ಉಳಿದ ಸೋಪಿನ ಸದ್ದನ್ನು ತಟ್ಟೆಯ ದೋಷ ಅಂದುಕೊಳ್ಳುತ್ತಾರೆ.
5. ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ನಿಲ್ಲಿಸಿ ಪೂರ್ತಿ ಒಣಗಿಸಿ. ಹಸಿಯಾಗಿ ಚೀಲಕ್ಕೆ ಹಾಕಿದರೆ ಬೂಷ್ಟಿಗೆ ನೀವೇ ಆಹ್ವಾನ ಕೊಟ್ಟ ಹಾಗೆ.

ಅಂಗಡಿಯಲ್ಲಿ ಸಿಗುವ ಕೆಲವು ದ್ರಾವಣಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಎಲ್‌ಪಿಯ ವಿನೈಲ್ ಪ್ಲಾಸ್ಟಿಕ್‌ಗೆ ತುಸು ಇದ್ದರೆ ನಡೆಯುತ್ತದೆ. 78ರ ತಟ್ಟೆಗೆ ಒಂದು ಹನಿಯೂ ಕೂಡದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಉಜ್ಜಿದ ಬಟ್ಟೆಗೆ ಸಂಗೀತವೂ ಅಂಟಿಕೊಂಡು ಬರುತ್ತದೆ.

ತೊಳೆದ ಮೇಲೆ ಎರಡು ಸಲ ಕೇಳಿ, ಪ್ರತಿ ಬದಿಯ ನಂತರ ಸೂಜಿಯ ತುದಿ ನೋಡಿ. ಆಳದಲ್ಲಿದ್ದ ಕೊಳೆ ಸೂಜಿಗೆ ಉಂಡೆಯಾಗಿ ಅಂಟಿರುತ್ತದೆ. ಎರಡನೇ ಸಲಕ್ಕೂ ಸದ್ದು ಅದೇ ಜಾಗದಲ್ಲಿ ಬಂದರೆ ಅದು ಗೀರು. ಜಾಗ ಬದಲಾದರೆ ಇನ್ನೂ ಕೊಳೆ ಇದೆ, ಮತ್ತೊಮ್ಮೆ ತೊಳೆಯಿರಿ.

## ಹಂತ 10: ಇಡುವ ಜಾಗ

ಹಳೆ ಒಳಚೀಲದ ಮೇಲೆ ಆ ಕಾಲದ ಜಾಹೀರಾತು ಇದ್ದರೆ ಎಸೆಯಬೇಡಿ. ಯಾವ ಕಾಲದ ಮುದ್ರಣ ಅನ್ನುವುದಕ್ಕೆ ಅದೂ ಸಾಕ್ಷಿ. ಅದನ್ನು ಕವರಿನೊಳಗೆ ಬಿಟ್ಟು, ತಟ್ಟೆಯನ್ನು ಪಾಲಿಥೀನ್ ಒಳಪದರದ ಹೊಸ ಚೀಲಕ್ಕೆ ಹಾಕಿ. ಹೊರಚೀಲ ಪಿವಿಸಿಯದ್ದು ಬೇಡ.

ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ, ಓರೆಯಾಗಿ ಒರಗಿಸಲೂ ಬೇಡಿ. ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಇರಲಿ. ಕವರ್ ಸೇರಿ ನೂರು ಎಲ್‌ಪಿ 20ರಿಂದ 25 ಕಿಲೋ ತೂಗುತ್ತದೆ. ಪುಸ್ತಕದ ತೆಳು ಹಲಗೆ ಅದಕ್ಕೆ ಬಾಗುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ, ತೇವ ಅಲ್ಲಿಂದಲೇ ಬರುತ್ತದೆ. ಬಿಸಿಲು ಬೀಳುವ ಕಿಟಕಿ, ಆಂಪ್ಲಿಫೈಯರಿನ ಮೇಲ್ಭಾಗ ಎರಡೂ ಬೇಡ.

ಹೊಸದಾಗಿ ತಂದದ್ದನ್ನು ಕೆಲವು ವಾರ ಬೇರೆ ಪೆಟ್ಟಿಗೆಯಲ್ಲಿಟ್ಟು, ವಾಸನೆ, ಬೂಷ್ಟು ಇಲ್ಲ ಅಂತ ಖಾತ್ರಿಯಾದ ಮೇಲೆ ಕಪಾಟಿಗೆ ಸೇರಿಸಿ. ಆಗಲೇ ಕ್ಯಾಟಲಾಗ್ ಸಂಖ್ಯೆ, ಡೆಡ್ ವ್ಯಾಕ್ಸ್ ಸಂಖ್ಯೆ, ತೊಳೆದ ದಿನ, ಎಲ್ಲೆಲ್ಲಿ ಟಿಕ್ ಬರುತ್ತದೆ ಅನ್ನುವುದನ್ನು ಫೋನಿನ ಪಟ್ಟಿಯಲ್ಲಿ ಬರೆದಿಡಿ. ಮುಂದಿನ ಸಲ ಅದೇ ಆಲ್ಬಮ್ ಇನ್ನೊಂದು ಪೆಟ್ಟಿಗೆಯಲ್ಲಿ ಕಂಡಾಗ, ಮನೆಯಲ್ಲಿರುವುದಕ್ಕಿಂತ ಇದು ಮೇಲಾ ಅಂತ ನಿಂತಲ್ಲೇ ಹೋಲಿಸಿ ನೋಡಬಹುದು. ಮೇಲಾಗಿದ್ದರೆ ತೆಗೆದುಕೊಂಡು ಹಳೆಯದನ್ನು, ಅದರ ಟಿಕ್‌ಗಳ ವಿವರ ಸಮೇತ, ಮಾರಿಬಿಡಿ.